ಕೆರೆಯ ದಡಕ್ಕೆ ದಾರಿ

ಬಯಲುಸೀಮೆಯ ಗ್ರಾಮವೊಂದರಿಂದ ಉಪಾಧ್ಯಾಯರೊಬ್ಬರು ಬರೆದ ಕಾಗದವು ಕಳೆದ ವಾರ ನಮ್ಮ ಕಾರ್ಯಾಲಯಕ್ಕೆ ಬಂದಿದೆ. ಕಾಗದವು ನಾಲ್ಕು ಪುಟಗಳದ್ದು. ದೂರು ನಾಲ್ಕೇ ಮಾತಿನದು. ಅವರ ಊರಿನ ಕೆರೆಯು ದೊಡ್ಡದಲ್ಲ. ಮಳೆ ಚೆನ್ನಾಗಿ ಆದ ವರ್ಷ ಮೂವತ್ತು ಎಕರೆಯಷ್ಟು ನೀರು ನಿಲ್ಲುವುದು. ಮಳೆ ಕೈಕೊಟ್ಟ ವರ್ಷ ಅದರ ಅರ್ಧವೂ ಇರುವುದಿಲ್ಲ. ಈ ಕೆರೆಯ ಮೀನಿನ ಹಕ್ಕನ್ನು ಹೊರಊರಿನ ಗುತ್ತಿಗೆದಾರರೊಬ್ಬರು ಹಿಡಿದಿದ್ದಾರೆ. ಅವರೇ ಈಗ ಪೇಟೆಯ ಜನರ ವಿನೋದಕ್ಕೆಂದು ಕಾಲಿನಿಂದ ತುಳಿಯುವ ದೋಣಿಗಳನ್ನು ತಂದು ಬಿಟ್ಟು, ಏರಿಯ ಬಾಯಿಗೆ ತಂತಿಬೇಲಿಯನ್ನು ಬಿಗಿದು, ಚೀಟಿ ಕೊಂಡವರಲ್ಲದೆ ಮತ್ತಾರೂ ನೀರಿಗೆ ಇಳಿಯಕೂಡದೆಂದು ಕಾವಲು ಇಟ್ಟಿದ್ದಾರಂತೆ. ಗಾಳ ಹಾಕಿ ಕುಳಿತಿದ್ದ ಇಬ್ಬರು ಹುಡುಗರ ಕೋಲುಗಳನ್ನು ಕಾವಲುಗಾರನು ಮುರಿದು ಎಸೆದನಂತೆ. ತಂದೆಯ ಕಾಲದಿಂದಲೂ ಅಲ್ಲಿ ಹರಿಗೋಲನ್ನಿಟ್ಟುಕೊಂಡು ಬೀಸುಬಲೆಯಿಂದ ಜೀವನ ನಡೆಸುತ್ತಿದ್ದ ವೃದ್ಧನೊಬ್ಬನ ಹರಿಗೋಲು ಈಗ ಹುಣಿಸೆಮರದ ಕೆಳಗೆ ಬೋರಲು ಬಿದ್ದಿದೆಯಂತೆ. "ಸ್ವಾಮಿ, ಕೆರೆಯು ಯಾರದು?" ಎಂಬ ಪ್ರಶ್ನೆಯೊಂದಿಗೆ ಕಾಗದವು ಮುಗಿಯುತ್ತದೆ.

ಗ್ರಾಮದ ಹೆಸರನ್ನು ನಾವು ಇಲ್ಲಿ ಹೇಳುವುದಿಲ್ಲ. ಗುತ್ತಿಗೆದಾರರ ಮಾತನ್ನು ನಾವಿನ್ನೂ ಕೇಳಿಲ್ಲ. ಒಂದೇ ಕಡೆಯ ಅಹವಾಲನ್ನು ಓದಿ ತೀರ್ಪು ಕೊಡುವುದು ಪತ್ರಿಕೆಯ ಧರ್ಮವಲ್ಲ. ಆದರೆ ಪ್ರಶ್ನೆಯು ಆ ಒಂದು ಗ್ರಾಮದ್ದಲ್ಲ. ನಮ್ಮ ರಾಜ್ಯದಲ್ಲಿ ೩೬,೦೦೦ಕ್ಕೂ ಮಿಕ್ಕಿ ಕೆರೆಗಳಿವೆ. ಅವುಗಳಲ್ಲಿ ಬಹುಪಾಲು ಇಂಥ ಸಣ್ಣ ಕೆರೆಗಳೇ. ದೊಡ್ಡ ಜಲಾಶಯಗಳಿಗೆ ಇಂಜಿನಿಯರುಗಳಿದ್ದಾರೆ, ಇಲಾಖೆಗಳಿವೆ, ವರದಿಗಳಿವೆ. ಸಣ್ಣ ಕೆರೆಗೆ ಊರಿನವರನ್ನು ಬಿಟ್ಟರೆ ಗತಿಯಿಲ್ಲ; ಆ ಊರಿನವರನ್ನೇ ದಡದಿಂದ ಅಟ್ಟಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು?

ಕೆರೆಯನ್ನು ಕಟ್ಟಿಸುವುದನ್ನು ನಮ್ಮ ಹಿರಿಯರು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿದರು. ಕಟ್ಟಿಸಿದವನಿಗೆ ಪುಣ್ಯ, ಬಳಸುವವರಿಗೆ ನೀರು ಎಂಬುದು ಅದರ ಅರ್ಥ. ಒಂದೇ ಕೆರೆಯಲ್ಲಿ ಎಷ್ಟು ಬಗೆಯ ಹಕ್ಕುಗಳು ಒಂದರ ಪಕ್ಕದಲ್ಲಿ ಒಂದು ನಡೆದುಬಂದಿವೆಯೆಂಬುದನ್ನು ಹಳ್ಳಿಯಲ್ಲಿ ಬೆಳೆದ ಯಾರಾದರೂ ಬಲ್ಲರು. ತೂಬಿನ ನೀರು ಅಚ್ಚುಕಟ್ಟಿನ ರೈತರದು. ಅದನ್ನು ಪಾಲು ಮಾಡುವವನು ನೀರುಗಂಟಿ. ಬೇಸಗೆಯಲ್ಲಿ ಅಂಗಳದ ಗೋಡು ಹೊಲಗಳಿಗೆ ಹೋಗುವುದು. ಅಗಸರ ಕಲ್ಲು ಒಂದು ಕಡೆ, ದನಗಳು ಇಳಿಯುವ ದಾರಿ ಮತ್ತೊಂದು ಕಡೆ. ಬಲೆಯು ಬೆಸ್ತರದು. ಗಾಳವು ಹುಡುಗರದು. ಇವುಗಳಲ್ಲಿ ಯಾವುದೂ ಇನ್ನೊಂದನ್ನು ನುಂಗುತ್ತಿರಲಿಲ್ಲ. ಜಗಳಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಕೆಲವರನ್ನು ನೀರಿನ ಹತ್ತಿರಕ್ಕೇ ಬರಗೊಡದಿದ್ದ ಮಹಾಪಾತಕವೂ ಈ ಏರ್ಪಾಡಿನೊಳಗೇ ಇತ್ತು. ಅದನ್ನು ಮುಂದೆ ಹೇಳುತ್ತೇವೆ. ಆದರೆ ಇಡೀ ದಡವನ್ನು ಒಬ್ಬನಿಗೇ ಬರೆದುಕೊಡುವ ಪದ್ಧತಿಯು ನಮ್ಮ ಕೆರೆಗಳ ಸ್ವಭಾವಕ್ಕೆ ಹೊರಗಿನದು.

ನಾವೂ ಚಿಕ್ಕಂದಿನಲ್ಲಿ, ಅಮರಕೋಶವನ್ನು ಬಾಯಿಪಾಠ ಮಾಡಬೇಕಾದ ಮಧ್ಯಾಹ್ನಗಳಲ್ಲಿ ಪಾಠಶಾಲೆಯಿಂದ ತಪ್ಪಿಸಿಕೊಂಡು, ಜೊತೆಯ ಹುಡುಗರು ಗಾಳ ಹಾಕುವುದನ್ನು ನೋಡುತ್ತ ಏರಿಯ ಮೇಲೆ ಕುಳಿತವರೇ. ಬಿದಿರಿನ ಕೋಲು, ದಾರ, ಜೋಳದ ದಂಟಿನ ಬೆಂಡು, ತೆಂಗಿನ ಚಿಪ್ಪಿನಲ್ಲಿ ಎರೆಹುಳು: ಇಷ್ಟೇ ಬಂಡವಾಳ. ನೀರುಗಂಟಿಯು ನಮ್ಮನ್ನು ಗದರಿಸಿದ್ದು ಒಂದೇ ಕಾರಣಕ್ಕೆ: ತೂಬಿನ ಹತ್ತಿರ ಹೋಗಬೇಡಿರಿ, ನೀರು ಒಳಕ್ಕೆ ಎಳೆಯುತ್ತದೆ, ಎಂದು. ಮೀನಿನ ಲೆಕ್ಕವನ್ನು ಅವನು ಕೇಳಲಿಲ್ಲ. ಗುರುಗಳು ಮರುದಿನ ಕೇಳಿದ ಶ್ಲೋಕಗಳ ಲೆಕ್ಕವು ಬೇರೆ.

ಈಗ ಕಾನೂನಿನ ಮಾತು. ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯ ೬೭ನೆಯ ಪ್ರಕರಣದ ಪ್ರಕಾರ ಸಾರ್ವಜನಿಕ ಕೆರೆಗಳ ಪಾತ್ರವೂ ನೀರೂ ರಾಜ್ಯಸರ್ಕಾರದ ಸ್ವತ್ತು. ಇದನ್ನೇ ಹಿಡಿದುಕೊಂಡು, ಸ್ವತ್ತು ಸರ್ಕಾರದ್ದಾದ ಮೇಲೆ ಅದನ್ನು ಯಾರಿಗೆ ಬೇಕಾದರೂ ಕೊಡಬಹುದಲ್ಲವೇ ಎಂದು ವಾದಿಸುವವರುಂಟು. ಆದರೆ ಅದೇ ಪ್ರಕರಣದಲ್ಲಿ, ಅಂಥ ಸ್ವತ್ತನ್ನು ವಿಲೇವಾರಿ ಮಾಡುವಾಗ ಸಾರ್ವಜನಿಕರಿಗೆ ನ್ಯಾಯವಾಗಿ ಇರುವ ದಾರಿಯ ಹಕ್ಕು ಮೊದಲಾದ ಹಕ್ಕುಗಳಿಗೆ ಒಳಪಟ್ಟೇ ಮಾಡತಕ್ಕದ್ದೆಂಬ ಮಾತೂ ಇದೆ. ಮೊದಲ ಅರ್ಧವನ್ನು ಕಛೇರಿಗಳು ಚೆನ್ನಾಗಿ ಓದುತ್ತವೆ. ಎರಡನೆಯ ಅರ್ಧವನ್ನು ಓದುವವರು ಕಡಮೆ. ಮೇಲಾಗಿ, ೧೯೯೬ರ ಡಿಸೆಂಬರಿನಲ್ಲಿ ಕಮಲನಾಥರ ಮೊಕದ್ದಮೆಯೆಂದು ಪ್ರಸಿದ್ಧವಾದ ತೀರ್ಪಿನಲ್ಲಿ, ಸುಪ್ರೀಂ ಕೋರ್ಟು ನದಿ, ದಡ, ಕಾಡು ಇಂಥವುಗಳಿಗೆಲ್ಲ ಸರ್ಕಾರವು ಧರ್ಮದರ್ಶಿಯೇ ಹೊರತು ಮನಬಂದಂತೆ ಮಾರುವ ಯಜಮಾನನಲ್ಲವೆಂಬ ತತ್ತ್ವವನ್ನು ನಮ್ಮ ದೇಶದ ಕಾನೂನಿನ ಭಾಗವೆಂದು ಅಂಗೀಕರಿಸಿದೆ. ದೇವಸ್ಥಾನದ ಆಭರಣವನ್ನು ಧರ್ಮದರ್ಶಿಯು ತನ್ನ ಮನೆಯ ಮದುವೆಗೆ ಒಯ್ಯಲಾರನು.

ಆದರೆ ತತ್ತ್ವವೊಂದು, ದಡಕ್ಕೆ ಇಳಿಯುವ ಕಾಲುದಾರಿ ಮತ್ತೊಂದು. ಸಣ್ಣ ಕೆರೆಯಲ್ಲಿ ಮೀನು ಹಿಡಿಯುವ, ದೋಣಿ ನಡೆಸುವ ಹಕ್ಕನ್ನು ಸಾಮಾನ್ಯ ಪ್ರಜೆಗೆ ಸ್ಪಷ್ಟವಾದ ಮಾತುಗಳಲ್ಲಿ ಬರೆದುಕೊಟ್ಟ ರಾಜ್ಯವೊಂದು ಬೇರೆ ಕಡೆ ಇದೆ. ಅದರ ಕಥೆಯನ್ನು ನಮ್ಮ ವಾಚಕರು ಕೇಳತಕ್ಕದ್ದು. ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಮೆಸಾಚುಸೆಟ್ಸ್ ಎಂಬುದೊಂದು ಸಂಸ್ಥಾನ. ಅದು ಇನ್ನೂ ಇಂಗ್ಲೆಂಡಿನ ವಲಸೆಗಾರರ ಸಣ್ಣ ಪಾಳೆಯವಾಗಿದ್ದಾಗ, ೧೬೪೧ರಲ್ಲಿ, ಅಲ್ಲಿನ ಸಭೆಯು ಪ್ರಜೆಗಳ ಸ್ವಾತಂತ್ರ್ಯಗಳ ಪಟ್ಟಿಯೊಂದನ್ನು ಮಾಡಿತು. ಊರಿನ ಪ್ರತಿಯೊಬ್ಬ ಗೃಹಸ್ಥನೂ ದೊಡ್ಡ ಕೊಳಗಳಲ್ಲಿ ಯಾರ ಅಡ್ಡಿಯೂ ಇಲ್ಲದೆ ಮೀನು ಹಿಡಿಯಬಹುದೆಂಬುದು ಆ ಪಟ್ಟಿಯಲ್ಲಿ ಒಂದು. ೧೬೪೭ರಲ್ಲಿ ಅದನ್ನು ಇನ್ನಷ್ಟು ಬಿಡಿಸಿ ಬರೆದರು. 'ದೊಡ್ಡ ಕೊಳ'ವೆಂದರೆ ಹತ್ತು ಎಕರೆಗೆ ಮೇಲ್ಪಟ್ಟದ್ದು. ನಮ್ಮ ಉಪಾಧ್ಯಾಯರ ಊರಿನ ಕೆರೆಯು ಅಲ್ಲಿದ್ದು, ಕಟ್ಟಿದ್ದಾಗಿರದೆ ಸ್ವಾಭಾವಿಕವಾದ ಕೊಳವಾಗಿದ್ದರೆ, ಈ ಲೆಕ್ಕಕ್ಕೆ ಬರುತ್ತಿತ್ತು. ಅಲ್ಲಿಗೆ ಹೋಗಲು ಯಾರ ಜಮೀನಿನಲ್ಲಿಯಾದರೂ ಕಾಲ್ನಡಿಗೆಯಿಂದ ಹಾಯ್ದು ಹೋಗಬಹುದು, ಬರಬಹುದು. ಬೆಳೆಯನ್ನೂ ಹುಲ್ಲುಗಾವಲನ್ನೂ ಮಾತ್ರ ತುಳಿಯಕೂಡದು.

ಈ ಕಡೆಯ ಮಾತಿನಲ್ಲಿರುವ ವಿವೇಕವನ್ನು ಗಮನಿಸಬೇಕು. ಮೀನು ಹಿಡಿಯುವ ಹಕ್ಕನ್ನು ಕೊಟ್ಟು, ನೀರಿಗೆ ಹೋಗುವ ದಾರಿಯನ್ನು ಮುಚ್ಚಿದರೆ, ಕೊಟ್ಟದ್ದು ಏನೂ ಅಲ್ಲವೆಂಬುದು ಆ ವಲಸೆಗಾರರಿಗೆ ತಿಳಿದಿತ್ತು. ಹಾಗೆಯೇ ದಾರಿಯ ಹೆಸರಿನಲ್ಲಿ ರೈತನ ಪೈರನ್ನು ಹಾಳುಮಾಡಿದರೆ ಹಕ್ಕು ಉಳಿಯುವುದಿಲ್ಲವೆಂಬುದೂ ತಿಳಿದಿತ್ತು. ಮುಂದೆ ೧೮೬೩ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು, ಈ ಕೊಳಗಳ ಮೇಲೆ ಸಾರ್ವಜನಿಕರಿಗಿರುವ ಹಕ್ಕು ಮೀನಿಗಷ್ಟೇ ಸೀಮಿತವಲ್ಲ, ದೋಣಿ ನಡೆಸುವುದಕ್ಕೂ, ಸ್ನಾನಕ್ಕೂ, ಚಳಿಗಾಲದಲ್ಲಿ ಮಂಜುಗಡ್ಡೆಯನ್ನು ಕತ್ತರಿಸುವುದಕ್ಕೂ ಸಲ್ಲುವುದೆಂದು ಹೇಳಿತು. ಇಂದಿಗೂ ಆ ಸಂಸ್ಥಾನದಲ್ಲಿ, ಮೀನು ಹಿಡಿಯುವವರಿಗೂ ದೋಣಿಯವರಿಗೂ ನೀರಿನ ಅಂಚಿಗೆ ದಾರಿ ಮಾಡಿಕೊಡುವುದಕ್ಕೆಂದೇ ಸರ್ಕಾರದ ಕಛೇರಿಯೊಂದಿದೆ.

ಹಾಗಾದರೆ ಎಲ್ಲರಿಗೂ ತೆರೆದ ಕೊಳವು ಎಲ್ಲರಿಂದಲೂ ಹಾಳಾಗಲಿಲ್ಲವೇ? ಈ ಪ್ರಶ್ನೆಯನ್ನು ಬೇಲಿ ಹಾಕುವವರು ಯಾವಾಗಲೂ ಕೇಳುತ್ತಾರೆ, ಅದು ಹುರುಳಿಲ್ಲದ ಪ್ರಶ್ನೆಯೂ ಅಲ್ಲ. ಉತ್ತರಕ್ಕೆ ಆ ಸಂಸ್ಥಾನದ ಒಂದು ಕೊಳವನ್ನೇ ನೋಡೋಣ. ಕಾಂಕರ್ಡ್ ಎಂಬ ಊರಿನ ಹತ್ತಿರದ ವಾಲ್ಡನ್ ಕೊಳವು ಸುಮಾರು ೬೧ ಎಕರೆಯದು. ಹೆನ್ರಿ ಡೇವಿಡ್ ಥೋರೋ ಎಂಬ ಮಹನೀಯನು ೧೮೪೫ರ ಜುಲೈ ೪ರಿಂದ ಎರಡು ವರ್ಷಕ್ಕೂ ಮಿಕ್ಕಿ ಇದರ ದಡದಲ್ಲಿ ಗುಡಿಸಲು ಕಟ್ಟಿಕೊಂಡು ಇದ್ದನು. ಜಮೀನು ಅವನದಲ್ಲ, ಮಿತ್ರನಾದ ಎಮರ್ಸನ್ ಮಹಾಶಯನದು, ನೀರು ಎಲ್ಲರದು. ಆತನು ಅಲ್ಲಿ ಗಾಳ ಹಾಕಿದನು, ದೋಣಿಯಲ್ಲಿ ಕುಳಿತು ಕೊಳಲೂದಿದನು. ಈ ಕೊಳಕ್ಕೆ ತಳವೇ ಇಲ್ಲವೆಂದು ಜನರು ನಂಬಿದ್ದರು. ೧೮೪೬ರಲ್ಲಿ ಆತನು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆದು, ಅತ್ಯಂತ ಆಳವಾದ ಕಡೆ ೧೦೨ ಅಡಿಯೆಂದು ಲೆಕ್ಕ ಕೊಟ್ಟನು. ಅದೇ ವರ್ಷ ತಲೆಗಂದಾಯವನ್ನು ಕೊಡಲೊಲ್ಲದೆ ಒಂದು ರಾತ್ರಿ ಸೆರೆಮನೆಯಲ್ಲಿದ್ದುದೂ, ಆ ವಿಷಯವಾಗಿ ಆತನು ಬರೆದ ಪ್ರಬಂಧವನ್ನು ಮುಂದೆ ದಕ್ಷಿಣ ಆಫ್ರಿಕಾದಲ್ಲಿ ಮಹಾತ್ಮಾ ಗಾಂಧಿಯವರು ಓದಿ ಮೆಚ್ಚಿ ತಮ್ಮ ಪತ್ರಿಕೆಯಲ್ಲಿ ಪರಿಚಯಿಸಿದುದೂ ನಮ್ಮ ವಾಚಕರಲ್ಲಿ ಅನೇಕರಿಗೆ ಗೊತ್ತಿದೆ.

ಈ ಕೊಳದ ಸೀಮೆಗೂ ನಮಗೂ ಇರುವ ಇನ್ನೊಂದು ಸಂಬಂಧವು ಅಷ್ಟಾಗಿ ತಿಳಿದಿಲ್ಲ. ಮೆಸಾಚುಸೆಟ್ಸಿನ ಕೊಳಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಮಂಜುಗಡ್ಡೆಯನ್ನು ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿನಲ್ಲಿ ಹಿಂದೂಸ್ಥಾನಕ್ಕೆ ತರುತ್ತಿದ್ದರು. ಮೊದಲ ಹಡಗು ೧೮೩೩ರಲ್ಲಿ ಕಲ್ಕತ್ತೆಯನ್ನು ಮುಟ್ಟಿತು. ಮದರಾಸಿನಲ್ಲಿ ಅದನ್ನು ಕೂಡಿಡಲು ೧೮೪೨ರಲ್ಲಿ ಕಟ್ಟಿದ 'ಐಸ್ ಹೌಸ್' ಇಂದಿಗೂ ನಿಂತಿದೆ. ೧೮೯೭ರಲ್ಲಿ ವಿವೇಕಾನಂದಸ್ವಾಮಿಗಳು ಅದರಲ್ಲಿ ತಂಗಿದ್ದರು. ಥೋರೋ ಅಲ್ಲಿದ್ದಾಗ, ೧೮೪೬-೪೭ರ ಚಳಿಗಾಲದಲ್ಲಿ, ವಾಲ್ಡನ್ ಕೊಳದ ಗಡ್ಡೆಯನ್ನೂ ನೂರು ಜನ ಕೂಲಿಗಳು ಬಂದು ಕೊಯ್ದರು. ಎಲ್ಲರದೆಂಬ ನೀರನ್ನು ಬಂಡವಾಳವಿದ್ದವನು ಮೊದಲು ಬಂದು ಕೊಯ್ದುಕೊಂಡು ಹೋಗುವುದು ಅಲ್ಲಿಗೂ ಹೊಸದಲ್ಲವೆಂಬುದನ್ನು ತೋರಿಸಲು ಇದನ್ನು ಹೇಳಿದೆವು.

ಮುಂದಿನ ಕಥೆಯೇ ನಮಗೆ ಮುಖ್ಯವಾದುದು. ೧೯೨೨ರಲ್ಲಿ, ಎಮರ್ಸನ್ ಮನೆತನದವರೂ ಇನ್ನು ಕೆಲವು ಮನೆತನದವರೂ ಕೊಳದ ಸುತ್ತಲಿನ ಸುಮಾರು ೮೦ ಎಕರೆ ಜಮೀನನ್ನು ಸಂಸ್ಥಾನಕ್ಕೆ ದಾನವಾಗಿ ಕೊಟ್ಟರು. ದಾನಪತ್ರದಲ್ಲಿ ಎರಡು ಮಾತುಗಳಿದ್ದವು: ಥೋರೋ ಕಂಡ ಕೊಳವೂ ದಡವೂ ಕಾಡೂ ಹಾಗೆಯೇ ಉಳಿಯಬೇಕು, ಮತ್ತು ಜನರು ಅಲ್ಲಿ ಸ್ನಾನ ಮಾಡುವುದು, ದೋಣಿ ನಡೆಸುವುದು, ಮೀನು ಹಿಡಿಯುವುದು, ಬುತ್ತಿಯುಣ್ಣುವುದು ಇವೆಲ್ಲಕ್ಕೂ ಅವಕಾಶವಿರಬೇಕು. ಎರಡು ಮಾತುಗಳೂ ಒಂದಕ್ಕೊಂದು ಹೊಂದಿಕೊಂಡು ಹೋಗಬಲ್ಲವೆಂದು ದಾನಿಗಳು ನಂಬಿದ್ದರು. ೧೯೫೭ರಲ್ಲಿ ಪರೀಕ್ಷೆ ಬಂದಿತು. ಸ್ನಾನದ ದಡವನ್ನು ವಿಸ್ತರಿಸಬೇಕೆಂದು ಅಲ್ಲಿನ ಆಡಳಿತಗಾರರು ಯಂತ್ರಗಳನ್ನು ತಂದು ಮರಗಳನ್ನು ಕಡಿಸಿ ದಿಣ್ಣೆಯನ್ನು ಸಮಮಾಡಿಸಿದರು. ಊರಿನವರು ಕೋರ್ಟಿಗೆ ಹೋದರು. ೧೯೬೦ರಲ್ಲಿ ಆ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು, ಜನರ ಅನುಕೂಲದ ಹೆಸರಿನಲ್ಲಿ ದಡವನ್ನು ಕೆಡಿಸುವುದು ದಾನದ ಷರತ್ತಿಗೆ ವಿರುದ್ಧವೆಂದು ತೀರ್ಪಿತ್ತಿತು.

ಈಗ ಆ ಕೊಳದಲ್ಲಿ ಮೀನು ಹಿಡಿಯಬಹುದು, ದೋಣಿಯನ್ನು ತಂದು ಇಳಿಸಬಹುದು. ಆದರೆ ಪೆಟ್ರೋಲಿನ ಎಂಜಿನು ನೀರಿಗೆ ಇಳಿಯಕೂಡದು. ಮೀನಿನ ಮರಿಗಳನ್ನು ಸಂಸ್ಥಾನದ ಸರ್ಕಾರವೇ ಬಿಡುತ್ತದೆ. ಗಾಳ ಹಾಕುವವರು ಸರ್ಕಾರದ ರಹದಾರಿಯನ್ನು ಪಡೆಯಬೇಕು. ಹದಿನೈದು ವರ್ಷ ತುಂಬದ ಮಕ್ಕಳಿಗೆ ಅದೂ ಬೇಡ. ಬೇಸಗೆಯಲ್ಲಿ ಜನಸಂದಣಿ ಮಿತಿಮೀರಿದರೆ, ಬಂದವರನ್ನು ಸ್ವಲ್ಪ ಹೊತ್ತು ಹೊರಗೇ ನಿಲ್ಲಿಸುತ್ತಾರೆ. ಶ್ರೀಮಂತನನ್ನೂ ಬಡವನನ್ನೂ ಒಂದೇ ಸಾಲಿನಲ್ಲಿ. ಇಷ್ಟಾದರೂ ತೊಂದರೆ ತಪ್ಪಿಲ್ಲ. ೨೦೦೧ರಲ್ಲಿ ಅಲ್ಲಿನ ಭೂವಿಜ್ಞಾನ ಇಲಾಖೆಯವರು ಪ್ರಕಟಿಸಿದ ಪರಿಶೋಧನೆಯಲ್ಲಿ, ಬೇಸಗೆಯಲ್ಲಿ ಕೊಳಕ್ಕೆ ಸೇರುವ ರಂಜಕಾಂಶದ ದೊಡ್ಡ ಪಾಲು ಈಜುವವರ ಮೂತ್ರದಿಂದಲೇ ಬರುವುದೆಂದು ಕಂಡುಬಂದಿತು. ರಂಜಕವು ಹೆಚ್ಚಿದರೆ ಪಾಚಿ, ಪಾಚಿ ಹೆಚ್ಚಿದರೆ ತಳದ ನೀರಿಗೆ ಉಸಿರಿಲ್ಲ, ಉಸಿರಿಲ್ಲದ ನೀರಿನಲ್ಲಿ ಮೀನಿಲ್ಲ. ಮಹನೀಯರ ಸ್ಮಾರಕಕ್ಕೆ ಭಕ್ತಿಯಿಂದ ಬಂದವರು ಮಾಡುವ ಪೂಜೆ ಇದು! ನಮ್ಮ ತೀರ್ಥಕ್ಷೇತ್ರಗಳನ್ನು ನೋಡಿದವರಿಗೆ ಆಶ್ಚರ್ಯವಾಗಲಾರದು. ಆದರೂ ಅವರು ಬೇಲಿ ಹಾಕಿ ಒಬ್ಬನ ಕೈಗೆ ಬೀಗವನ್ನು ಕೊಡಲಿಲ್ಲ. ಶೌಚಗೃಹಗಳನ್ನು ಕಟ್ಟಿದರು, ಮಿತಿಯನ್ನು ಇಟ್ಟರು, ಮಿತಿಯನ್ನು ಎಲ್ಲರಿಗೂ ಸಮನಾಗಿ ಇಟ್ಟರು.

ಅಮೇರಿಕೆಯ ಏರ್ಪಾಡನ್ನು ಇದ್ದಂತೆಯೇ ಎತ್ತಿ ನಮ್ಮ ಹಳ್ಳಿಯಲ್ಲಿ ಇಡಬೇಕೆಂದು ನಾವು ಹೇಳುವುದಿಲ್ಲ. ಅಲ್ಲಿ ಗಾಳವು ವಿನೋದ. ಇಲ್ಲಿ ಬಲೆಯು ಅನ್ನ. ಈ ಭೇದವನ್ನು ಮರೆತವನು ಬೆಸ್ತರ ಹೊಟ್ಟೆಯ ಮೇಲೆ ಹೊಡೆಯುತ್ತಾನೆ. ಮೇಲಾಗಿ ನಮ್ಮ ಕೆರೆಯ ಮೀನಿನ ಕೃಷಿಯು ಈಗ ಖರ್ಚಿನ ಕೆಲಸ. ಕಾಟ್ಲಾ, ರೋಹು, ಮೃಗಾಲ್ ಎಂಬ ದೊಡ್ಡ ಗೆಂಡೆ ಜಾತಿಗಳು ಹರಿಯುವ ನೀರಿನ ಮೀನುಗಳು. ನಿಂತ ಕೆರೆಯಲ್ಲಿ ಮೊಟ್ಟೆಯಿಡುವುದಿಲ್ಲ. ೧೯೫೭ರಲ್ಲಿ ಹೀರಾಲಾಲ್ ಚೌಧುರಿಯವರು ಕಟಕದಲ್ಲಿ ಚುಚ್ಚುಮದ್ದಿನಿಂದ ಅವುಗಳನ್ನು ಮರಿಮಾಡಿಸುವ ವಿಧಾನವನ್ನು ಸಾಧಿಸಿದ ಮೇಲೆ ಕೆರೆಗಳಿಗೆ ಮರಿ ಬಿಡುವುದು ಎಲ್ಲೆಡೆಗೂ ಹರಡಿತು. ಮರಿಯನ್ನು ಕೊಂಡು ಬಿಟ್ಟು, ತಿಂಗಳುಗಟ್ಟಲೆ ಕಾದವನು, ಫಲವು ತನಗೆ ಬರಲೆಂದು ಬಯಸುವುದು ತಪ್ಪಲ್ಲ. ಗುತ್ತಿಗೆಯವರ ಕಡೆಗಿರುವ ನ್ಯಾಯವು ಇದು. ಅದನ್ನು ನಾವು ಮರೆಮಾಚುವುದಿಲ್ಲ. ನಮ್ಮಲ್ಲಿ ಮೀನಿನ ಹಕ್ಕನ್ನು ಐದು ವರ್ಷಕ್ಕೆ ಗುತ್ತಿಗೆ ಕೊಡುವ ಪದ್ಧತಿಯೂ, ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆಯನ್ನು ಕೊಡುವ ನಿಯಮವೂ ಈ ಕಾರಣದಿಂದಲೇ ಹುಟ್ಟಿದವು. ಕೆಡುಕು ಬಂದದ್ದು ಸಂಘದ ಹೆಸರನ್ನು ಮುಂದಿಟ್ಟು ಹಿಂದೆ ಹಣದವನು ನಿಂತಾಗ. ಮತ್ತು, ಬಲೆಯ ಗುತ್ತಿಗೆಯನ್ನು ದಡದ ಗುತ್ತಿಗೆಯೆಂದು ಓದಿಕೊಂಡಾಗ.

ಎಲ್ಲರೂ ಕೂಡಿ ಮೀನು ಹಿಡಿಯುವುದು ನಮಗೆ ಹೊಸದೇನೂ ಅಲ್ಲ. ಮಲೆನಾಡಿನ ಸೊರಬ, ಸಾಗರ ಸೀಮೆಗಳಲ್ಲಿ ಬೇಸಗೆಯಲ್ಲಿ ನೀರು ಇಳಿದಾಗ 'ಕೆರೆಬೇಟೆ' ನಡೆಯುತ್ತದೆ. ೨೦೨೪ರಲ್ಲಿ ಇದೇ ಹೆಸರಿನ ಚಲಚ್ಚಿತ್ರವೂ ಬಂದಿತು. ಊರಿನ ಹಿರಿಯರು ದಿನವನ್ನು ಗೊತ್ತುಮಾಡಿ, ಸುತ್ತಲಿನ ಹಳ್ಳಿಗಳಿಗೆ ತಿಳಿಸುತ್ತಾರೆ. ಬಿದಿರಿನಿಂದ ಹೆಣೆದ 'ಕೂಣಿ'ಯನ್ನು ಹಿಡಿದು, ಗೊತ್ತಾದ ಹಣವನ್ನು ಕಟ್ಟಿ, ನೂರಾರು ಜನರು ಒಂದೇ ಸಲ ಕೆಸರಿಗೆ ಇಳಿಯುತ್ತಾರೆ. ಸಿಕ್ಕಿದವನಿಗೆ ಮೀನು, ಹಣವು ಊರಿನ ಕೆಲಸಕ್ಕೆ. ಗೊತ್ತಾದ ದಿನಕ್ಕೆ ಮುಂಚೆ ಕೈಹಾಕಿದವನಿಗೆ ಊರೆಲ್ಲ ಛೀಮಾರಿ. ೧೬೪೭ರ ಕಾಯಿದೆಯಲ್ಲಿರುವ ವಿವೇಕಕ್ಕೂ ಇದಕ್ಕೂ ಏನು ಅಂತರ? ಅವರದು ಬರೆದಿಟ್ಟದ್ದು, ನಮ್ಮದು ನಡೆದುಬಂದದ್ದು. ನಡೆದುಬಂದದ್ದಕ್ಕೆ ಟೆಂಡರಿನ ಕಾಗದದಲ್ಲಿ ಜಾಗವಿಲ್ಲ, ಅಷ್ಟೆ.

ದಡಕ್ಕೆ ದಾರಿಯೆಂಬುದು ನಮ್ಮ ದೇಶದಲ್ಲಿ ಮೀನಿನ ಮಾತಿಗಿಂತ ಬಹಳ ದೊಡ್ಡ ಮಾತೆಂಬುದನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು. ಮುಂಬಯಿ ಪ್ರಾಂತದ ಮಹಾಡ್ ಎಂಬ ಊರಿನಲ್ಲಿ ಚವದಾರ್ ಕೆರೆಯಿದೆ. ಸಾರ್ವಜನಿಕ ಕೆರೆಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದಿರತಕ್ಕವೆಂದು ೧೯೨೩ರಲ್ಲಿ ಆ ಪ್ರಾಂತದ ಶಾಸನಸಭೆಯು ನಿರ್ಣಯಿಸಿತು. ೧೯೨೪ರಲ್ಲಿ ಊರಿನ ಪುರಸಭೆಯೂ ಒಪ್ಪಿತು. ಕಾಗದದ ಮೇಲೆ ಕೆರೆಯು ಎಲ್ಲರದಾಯಿತು. ಆದರೆ ೧೯೨೭ರ ಮಾರ್ಚಿ ೨೦ರಂದು ಡಾಕ್ಟರ್ ಅಂಬೇಡಕರರು ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆ ನೀರನ್ನು ಎತ್ತುವವರೆಗೆ ಆ ದಡಕ್ಕೆ ಅವರು ಇಳಿಯಲಾಗಿರಲಿಲ್ಲ; ಇಳಿದ ದಿನವೇ ಅವರ ಮೇಲೆ ಏಟುಗಳು ಬಿದ್ದವು; ಮೊಕದ್ದಮೆಯು ಮುಂಬಯಿ ಹೈಕೋರ್ಟಿನಲ್ಲಿ ಅವರಂತೆ ಮುಗಿಯಲು ೧೯೩೭ ಬರಬೇಕಾಯಿತು. ನಮ್ಮ ರಾಜ್ಯಾಂಗದ ೧೫ನೆಯ ಅನುಚ್ಛೇದದಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರನ್ನು ಹಿಡಿದು ಬರೆದಿರುವುದು ಸುಮ್ಮನೆ ಅಲ್ಲ. ಜಾತಿಯ ಬೇಲಿಯನ್ನು ಅಷ್ಟು ಕಷ್ಟದಿಂದ ಕಿತ್ತ ನೆಲದಲ್ಲಿ ಚೀಟಿಯ ಬೇಲಿಯನ್ನು ನೆಡುವಾಗ ಕೈ ನಡುಗಬೇಕಾಗಿತ್ತು. ೧೯೩೦ರಲ್ಲಿ ಅಂಕೋಲೆಯ ಕಡಲದಡದಲ್ಲಿ ಕನ್ನಡಿಗರು ಉಪ್ಪನ್ನು ತೆಗೆದು ಸೆರೆಮನೆಗೆ ಹೋದದ್ದೂ, ನೀರು ಕೊಟ್ಟದ್ದಕ್ಕೆ ಒಬ್ಬ ಇಜಾರದಾರನೇ ಒಡೆಯನಾಗಕೂಡದೆಂಬುದಕ್ಕಾಗಿಯೇ ಅಲ್ಲವೇ?

ಬೆಂಗಳೂರು ನಗರದಲ್ಲಿ ಇದರ ಪ್ರಯೋಗವು ನಡೆದುಹೋಗಿದೆ. ೨೦೦೨ರಲ್ಲಿ ಸ್ಥಾಪನೆಯಾದ ಕೆರೆ ಅಭಿವೃದ್ಧಿ ಪ್ರಾಧಿಕಾರವು, ಕೆರೆಗಳನ್ನು ಉದ್ಧರಿಸಲು ಹಣವಿಲ್ಲವೆಂಬ ಕಾರಣದಿಂದ, ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಹದಿನೈದು ವರ್ಷಗಳಿಗೆ ಖಾಸಗಿ ಕಂಪೆನಿಗಳಿಗೆ ಗುತ್ತಿಗೆಗೆ ಕೊಟ್ಟಿತು. ದೋಣಿವಿಹಾರ, ಉಪಾಹಾರಗೃಹ, ಪ್ರವೇಶದ ಚೀಟಿ ಬಂದವು. ಹಿಂದೆ ದನ ಮೇಯಿಸುತ್ತಿದ್ದವರು, ಹುಲ್ಲು ಕೊಯ್ಯುತ್ತಿದ್ದವರು, ಬಲೆಯವರು ಹೊರಗುಳಿದರು. ೨೦೦೮ರಲ್ಲಿ ಈ ವಿಷಯವಾಗಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದು ಹೈಕೋರ್ಟಿನ ಮುಂದೆ ಬಂದಿತು. ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಸಮಿತಿಯು ಕೊಟ್ಟ ವರದಿಯನ್ನು ಹೈಕೋರ್ಟು ೨೦೧೨ರಲ್ಲಿ ಅಂಗೀಕರಿಸಿ, ಕೆರೆಗಳ ರಕ್ಷಣೆಗೆ ಜಿಲ್ಲೆಗೊಂದರಂತೆ ಸಮಿತಿಗಳು ಇರತಕ್ಕದ್ದೆಂದು ವಿಧಿಸಿತು. ನಗರದವರಿಗೆ ಅರ್ಜಿ ಹಾಕುವವರಿದ್ದರು. ಮೂವತ್ತು ಎಕರೆಯ ಹಳ್ಳಿಯ ಕೆರೆಗೆ ಹೈಕೋರ್ಟಿಗೆ ಹೋಗುವವರು ಯಾರು?

ದೋಣಿಯ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆಯುಂಟು. ಅದನ್ನು ಬರೆಯುವಾಗ ನಮ್ಮ ಲೇಖನಿಯು ತಡೆಯುತ್ತದೆ. ೨೦೨೪ರ ಜನವರಿ ೧೮ರಂದು ಗುಜರಾತಿನ ವಡೋದರಾ ನಗರದ ಹರಣಿ ಕೆರೆಯಲ್ಲಿ, ಶಾಲೆಯಿಂದ ವಿಹಾರಕ್ಕೆ ಬಂದಿದ್ದ ಮಕ್ಕಳ ದೋಣಿಯು ಮಗುಚಿ ೧೨ ಮಕ್ಕಳೂ ೨ ಶಿಕ್ಷಕಿಯರೂ ಜಲಸಮಾಧಿಯಾದರು. ಕೆರೆಯು ನಗರಸಭೆಯದು; ನಡೆಸುತ್ತಿದ್ದವರು ಖಾಸಗಿಯವರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. ತೇಲುಕವಚಗಳು ಎಲ್ಲರಿಗೂ ಇರಲಿಲ್ಲ. ಅದು ಸಮುದ್ರವಲ್ಲ, ಊರೊಳಗಿನ ಕೆರೆ. ದಡವು ಕಣ್ಣೆದುರಿಗೇ ಇತ್ತು. ದೋಣಿಗೆ ಇಷ್ಟೇ ಜನರೆಂಬ ನಿಯಮವು ಹಣ ಎಣಿಸುವವನ ಕೈಯಲ್ಲಿದ್ದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯವು ಬೇಡ. ನಮ್ಮ ಉಪಾಧ್ಯಾಯರ ಕಾಗದದಲ್ಲಿಯೂ, ಕಾಲ್ದೋಣಿಗಳಲ್ಲಿ ಕುಳಿತ ಪೇಟೆಯ ಮಕ್ಕಳಿಗೆ ಕವಚವಿರುವುದನ್ನು ತಾವು ಕಾಣಲಿಲ್ಲವೆಂಬ ಒಂದು ಸಾಲಿದೆ. ಬೇರೇನನ್ನೂ ಮಾಡದಿದ್ದರೂ, ಇದೊಂದನ್ನು ಆ ಪಂಚಾಯಿತಿಯು ನಾಳೆಯೇ ನೋಡತಕ್ಕದ್ದು.

ಹಾಗಾದರೆ ಆ ಊರಿನವರು ಏನನ್ನು ಕೇಳಬೇಕು? ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಬಲೆಯ ಹಕ್ಕು ಊರಿನ ಮೀನುಗಾರರ ಸಂಘಕ್ಕೇ ಇರಲಿ. ಸಂಘವೆಂದರೆ ಬಲೆ ಬೀಸುವವರ ಸಂಘ, ಬಲೆ ಬೀಸುವವರಿಗೆ ಕೂಲಿ ಕೊಡುವವರ ಸಂಘವಲ್ಲ. ದಡದಿಂದ ಒಂದು ಕೋಲು, ಒಂದು ಗಾಳ ಹಾಕುವುದಕ್ಕೆ ಯಾರ ಅಪ್ಪಣೆಯೂ ಬೇಡ. ಹುಡುಗನ ಗಾಳಕ್ಕೆ ಸಿಕ್ಕುವ ನಾಲ್ಕು ಸಣ್ಣ ಮೀನುಗಳಿಂದ ಯಾವ ಗುತ್ತಿಗೆದಾರನೂ ದಿವಾಳಿಯಾಗುವುದಿಲ್ಲ. ಮೊದಲ ಮಳೆಗೆ ನಾಡಮೀನುಗಳು ಮೊಟ್ಟೆಯಿಡಲು ಕೋಡಿಯ ಹಳ್ಳಕ್ಕೆ ಏರುವ ದಿನಗಳಲ್ಲಿ ಮಾತ್ರ ಗಾಳವೂ ಬಲೆಯೂ ಎರಡೂ ನಿಲ್ಲಲಿ. ಏರಿಯ ಮೇಲಿನ ದಾರಿಯೂ, ದನ ಇಳಿಯುವ ಕಡವೂ, ಬೇಲಿಯಿಲ್ಲದೆ ಇರಲಿ. ದೋಣಿವಿಹಾರವು ಬೇಕೇ ಆದರೆ ಅದನ್ನು ಮೀನಿನ ಗುತ್ತಿಗೆಯಿಂದ ಬೇರ್ಪಡಿಸಿ, ಹುಟ್ಟು ಹಾಕಿ ನಡೆಸುವ ದೋಣಿಗಳನ್ನಷ್ಟೇ, ನೀರಿನ ವಿಸ್ತಾರಕ್ಕೆ ತಕ್ಕ ಸಂಖ್ಯೆಯಲ್ಲಿ ಬಿಡಲಿ. ಆ ಕೆಲಸವು ಮೊದಲು ಸಲ್ಲಬೇಕಾದುದು ಹುಣಿಸೆಮರದ ಕೆಳಗೆ ಹರಿಗೋಲನ್ನು ಬೋರಲು ಹಾಕಿಕೊಂಡು ಕುಳಿತಿರುವ ವೃದ್ಧನಂಥವರಿಗೆ. ಆ ಕೆರೆಯಲ್ಲಿ ಎಲ್ಲಿ ಆಳ, ಎಲ್ಲಿ ಕೆಸರು, ಎಲ್ಲಿ ಮುಳುಗಿದ ಮರದ ಬೊಡ್ಡೆ ಇದೆಯೆಂಬುದು ಅವನಷ್ಟು ಬಲ್ಲವರು ಯಾರು?

ಕಾನೂನಿನಂತೆ ನಡೆಯಲು ದಾರಿಯೂ ಇದೆ. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯ ಪ್ರಕಾರ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ ಗುತ್ತಿಗೆಯ ಕರಾರಿನ ನಕಲನ್ನು ಮೂವತ್ತು ದಿನದೊಳಗೆ ಕೊಡತಕ್ಕದ್ದು. ಅದರಲ್ಲಿ ಬೇಲಿಯ ಮಾತಿದೆಯೇ, ದೋಣಿಯ ಮಾತಿದೆಯೇ ಎಂಬುದನ್ನು ಮೊದಲು ನೋಡಬೇಕು. ಇಲ್ಲದಿದ್ದರೆ ಬೇಲಿಯು ನಾಳೆಯೇ ಬೀಳಬೇಕಾದುದು. ಇದ್ದರೆ, ಯಾರ ನಿರ್ಣಯದಿಂದ ಬಂದಿತೆಂಬುದನ್ನು ಗ್ರಾಮಸಭೆಯಲ್ಲಿ ಕೇಳಬೇಕು. ಗುತ್ತಿಗೆಯ ಅವಧಿಯು ಮುಂದಿನ ವರ್ಷ ಮುಗಿಯುವುದೆಂದು ಕಾಗದದಲ್ಲಿದೆ. ಹೊಸ ಹರಾಜಿನ ಷರತ್ತುಗಳನ್ನು ಬರೆಯುವ ಮೊದಲು ಊರಿನವರ ಮಹಜರು ಪಂಚಾಯಿತಿಯ ಮೇಜಿನ ಮೇಲಿರಲಿ. ಮಹಜರಿನಲ್ಲಿ ಬಲೆಯವರ ಸಹಿಯೂ, ಅಚ್ಚುಕಟ್ಟಿನವರ ಸಹಿಯೂ, ದನ ಕಾಯುವವರ ಹೆಬ್ಬೆಟ್ಟೂ ಕೂಡಿರಲಿ. ಒಬ್ಬರನ್ನು ಬಿಟ್ಟು ಒಬ್ಬರು ಹೋದರೆ ಹರಾಜಿನವನಿಗೆ ಅನುಕೂಲ.

ಉಪಾಧ್ಯಾಯರ ಕಾಗದವನ್ನು, ಹೆಸರುಗಳನ್ನು ತೆಗೆದು, ನಾಳಿನ ಸಂಚಿಕೆಯ ಮೂರನೆಯ ಪುಟದಲ್ಲಿ ಪ್ರಕಟಿಸುತ್ತೇವೆ. ಗುತ್ತಿಗೆದಾರ ಮಹಾಶಯರಾಗಲಿ, ಪಂಚಾಯಿತಿಯ ಅಧ್ಯಕ್ಷರಾಗಲಿ ಉತ್ತರವನ್ನು ಕಳುಹಿಸಿದರೆ ಅದಕ್ಕೂ ಅದೇ ಪುಟದಲ್ಲಿ ಅಷ್ಟೇ ಸ್ಥಳವನ್ನು ಕೊಡುವೆವು.